ತಪ್ಪಾಗುತ್ತೆ ಅಂತ ಉತ್ತರವನ್ನೇ ಬರೆಯಲ್ಲ, ಏನು ಮಾಡೋದು?

ಪುಟ್ಟನ ಅಮ್ಮ

ನನ್ನ ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಓದಿನಲ್ಲಿ ಹಿಂದಿಲ್ಲ. ಮನೆಯಲ್ಲಿ ಬಾಯಲ್ಲಿ ಕೇಳಿದರೆ ಪಟಪಟ ಅಂತ ಹೇಳುತ್ತಾನೆ. ಆದರೆ ಟೆಸ್ಟ್ ಪೇಪರ್ ಮನೆಗೆ ಬಂದಾಗ ನೋಡಿದರೆ ಅರ್ಧಕ್ಕರ್ಧ ಖಾಲಿ. ತಪ್ಪು ಬರೆದು ಮಾರ್ಕ್ಸ್ ಹೋಗಿದ್ದಲ್ಲ, ಬರೆದೇ ಇಲ್ಲ. "ಗೊತ್ತಿತ್ತಲ್ಲಾ, ಯಾಕೆ ಬರೆಯಲಿಲ್ಲ?" ಅಂದರೆ "ಪೂರ್ತಿ ಗ್ಯಾರಂಟಿ ಇರಲಿಲ್ಲ" ಅನ್ನುತ್ತಾನೆ.

ಹೋಂವರ್ಕ್ ಮಾಡುವಾಗಲೂ ಅಷ್ಟೆ. ಒಂದು ಸಾಲು ಬರೆಯೋದು, "ಅಮ್ಮಾ ಇದು ಸರೀನಾ?" ಅಂತ ಕೇಳೋದು, ಇನ್ನೊಂದು ಸಾಲು ಬರೆಯೋದು, ಮತ್ತೆ ಕೇಳೋದು. ಅಕ್ಷರ ಸ್ವಲ್ಪ ಸೊಟ್ಟಗಾದರೂ ಸಾಕು, ರಬ್ಬರ್ ತಗೊಂಡು ಹಾಳೆ ತೂತಾಗುವವರೆಗೆ ಉಜ್ಜುತ್ತಾನೆ. ಚೆಸ್ ಆಡುವಾಗ ಸೋಲುವ ಹಾಗೆ ಕಂಡರೆ "ಬೋರಾಯ್ತು" ಅಂತ ಎದ್ದು ಹೋಗುತ್ತಾನೆ. ಓಟದ ಸ್ಪರ್ಧೆಗೆ ಹೆಸರು ಕೊಡಲ್ಲ. ಟೆಸ್ಟ್ ಇರುವ ದಿನ ಬೆಳಗ್ಗೆ ಹೊಟ್ಟೆನೋವು. ಅದು ಸುಳ್ಳು ಅಂತ ನನಗೆ ಅನ್ನಿಸಲ್ಲ, ಮುಖ ನಿಜವಾಗಿಯೂ ಬಾಡಿರುತ್ತೆ.

ನಾವು ಬೈಯುವವರಲ್ಲ, ಹೊಡೆಯುವವರಂತೂ ಅಲ್ಲವೇ ಅಲ್ಲ. ಚಿಕ್ಕಂದಿನಿಂದ ಎಲ್ಲರೂ ಅವನನ್ನು ಜಾಣ, ಜಾಣ ಅಂತಲೇ ಮುದ್ದು ಮಾಡಿದ್ದು. "ಸೋತರೂ ಪರವಾಗಿಲ್ಲ ಕಂದಾ" ಅಂತ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಮೊನ್ನೆ ತಿರುಗಿ, "ನಿಂಗೆ ಪರವಾಗಿಲ್ಲ ಅಮ್ಮಾ, ನಂಗೆ ಪರವಾಗಿದೆ" ಅಂದ. ಅದಕ್ಕೆ ಏನು ಹೇಳೋದು ಅಂತ ತೋಚಲಿಲ್ಲ.

ನಮ್ಮ ಮನೆಯವರು ಹೇಳೋದು, ನೀರಿಗೆ ತಳ್ಳಿದರೆ ತಾನಾಗಿ ಈಜುತ್ತಾನೆ, ಎಲ್ಲದಕ್ಕೂ ಹೆಸರು ಕೊಟ್ಟುಬಿಡು ಅಂತ. ಅತ್ತೆ ಹೇಳೋದು, ಇನ್ನೂ ಮಗು, ದೊಡ್ಡವನಾದರೆ ಸರಿಹೋಗುತ್ತೆ, ಬಿಡು ಅಂತ. ನನಗೆ ಎರಡೂ ಸರಿ ಕಾಣುತ್ತಿಲ್ಲ. ಈ ಧೈರ್ಯ ಅನ್ನೋದು ಹುಟ್ಟಿನಿಂದಲೇ ಬರುತ್ತಾ, ಇಲ್ಲಾ ಬೆಳೆಸಬಹುದಾ? ಅವನೊಳಗಿಂದಲೇ ಬರಲಿ ಅಂತ ನನ್ನ ಆಸೆ, ನಾನು ಬೆನ್ನ ಹಿಂದೆ ನಿಂತಿದ್ದೇನೆ ಅನ್ನುವ ಕಾರಣಕ್ಕೆ ಅಲ್ಲ. ಇಂಥ ಮಕ್ಕಳನ್ನು ಹತ್ತಿರದಿಂದ ನೋಡಿದವರು ದಯವಿಟ್ಟು ಹೇಳಿ.

ಕಪ್ಪು ಹಲಗೆ

ನಾನು ಪ್ರೈಮರಿ ಟೀಚರ್. ನಿಮ್ಮ ಮಗನಂಥವರು ಪ್ರತಿ ಕ್ಲಾಸಿನಲ್ಲೂ ಇರುತ್ತಾರೆ, ಮತ್ತು ಅವರು ಹೆಚ್ಚಾಗಿ ದಡ್ಡರ ಸಾಲಿನಲ್ಲಿ ಇರಲ್ಲ, ಚೆನ್ನಾಗಿ ಓದುವವರ ಸಾಲಿನಲ್ಲೇ ಇರುತ್ತಾರೆ. ಹಾಗಾಗಿ ಯಾರ ಕಣ್ಣಿಗೂ ಬೇಗ ಬೀಳಲ್ಲ.

ಖಾಲಿ ಬಿಡುವುದರ ಹಿಂದೆ ಒಂದು ಲೆಕ್ಕಾಚಾರ ಇದೆ ಮೇಡಂ. ಖಾಲಿ ಬಿಟ್ಟರೆ "ಬರೆಯಲಿಲ್ಲ" ಅಂತಾಗುತ್ತೆ. ಬರೆದು ತಪ್ಪಾದರೆ "ಗೊತ್ತಿಲ್ಲ" ಅಂತಾಗುತ್ತೆ. ಮೊದಲನೆಯದರಲ್ಲಿ ಜಾಣ ಅನ್ನುವ ಹೆಸರು ಉಳಿಯುತ್ತೆ, ಎರಡನೆಯದರಲ್ಲಿ ಉಳಿಯಲ್ಲ. ಚೆಸ್ ಬೋರ್ಡ್ ಬಿಟ್ಟು ಏಳುವುದೂ ಇದೇ. ಪೂರ್ತಿ ಆಡಿ ಸೋತರೆ ಸೋಲು, ಮಧ್ಯದಲ್ಲಿ ಎದ್ದರೆ ಬರೀ ಬೋರು.

ಇದು ಮಕ್ಕಳಲ್ಲಷ್ಟೇ ಇಲ್ಲ. 1978ರಲ್ಲಿ ಸ್ಟೀವನ್ ಬರ್ಗ್ಲಾಸ್ ಮತ್ತು ಎಡ್ವರ್ಡ್ ಜೋನ್ಸ್ ಅನ್ನುವ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಕೆಲವರಿಗೆ ಉತ್ತರವೇ ಇಲ್ಲದ ಪ್ರಶ್ನೆಗಳನ್ನು ಕೊಟ್ಟು, ಆಮೇಲೆ "ತುಂಬಾ ಚೆನ್ನಾಗಿ ಮಾಡಿದ್ದೀರಿ" ಅಂತ ಹೊಗಳಿದರು. ಎರಡನೇ ಪರೀಕ್ಷೆಗೆ ಮೊದಲು ಎರಡು ಔಷಧಿ ಮುಂದಿಟ್ಟು, ಒಂದು ಬುದ್ಧಿ ಚುರುಕು ಮಾಡುತ್ತೆ, ಇನ್ನೊಂದು ಮಂದ ಮಾಡುತ್ತೆ, ಯಾವುದು ಬೇಕು ಅಂತ ಕೇಳಿದರು. ತಾವು ಯಾಕೆ ಗೆದ್ದೆವು ಅಂತ ತಮಗೇ ಗೊತ್ತಿಲ್ಲದವರು, ಅದರಲ್ಲೂ ಹುಡುಗರು, ಮಂದ ಮಾಡುವ ಔಷಧಿಯನ್ನು ಜಾಸ್ತಿ ಆರಿಸಿಕೊಂಡರು. ಈ ಸಲ ಸೋತರೆ ಹೇಳಲು ಒಂದು ನೆಪ ಇರಲಿ ಅಂತ. ನಿಮ್ಮ ಹುಡುಗನ ಖಾಲಿ ಜಾಗಗಳು ಆ ಔಷಧಿಯ ಕೆಲಸವನ್ನೇ ಮಾಡುತ್ತಿವೆ.

"ಜಾಣ" ಅಂತ ಕರೆಯುವ ವಿಷಯಕ್ಕೆ ಬಂದರೆ, 1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಅಮೆರಿಕದ ಐದನೇ ಕ್ಲಾಸಿನ ಮಕ್ಕಳ ಜೊತೆ ಮಾಡಿದ ಅಧ್ಯಯನ ಇದೆ. ಸುಲಭದ ಒಗಟುಗಳನ್ನು ಬಿಡಿಸಿದ ಮೇಲೆ ಕೆಲವು ಮಕ್ಕಳಿಗೆ "ನೀನು ಬುದ್ಧಿವಂತ" ಅಂದರು, ಕೆಲವರಿಗೆ "ನೀನು ಕಷ್ಟಪಟ್ಟು ಮಾಡಿದೆ" ಅಂದರು. ವ್ಯತ್ಯಾಸ ಆ ಒಂದು ವಾಕ್ಯ ಅಷ್ಟೆ. ಆಮೇಲೆ ಕಷ್ಟದ ಒಗಟು ಕೊಟ್ಟು ಎಲ್ಲರೂ ಎಡವುವಂತೆ ಮಾಡಿದರು. ಕೊನೆಗೆ ಮತ್ತೆ ಮೊದಲಿನಷ್ಟೇ ಸುಲಭದ್ದು ಕೊಟ್ಟರು. ಬುದ್ಧಿವಂತ ಅನ್ನಿಸಿಕೊಂಡವರು ಮೊದಲಿಗಿಂತ ಕೆಟ್ಟದಾಗಿ ಮಾಡಿದರು, ಕಷ್ಟಪಟ್ಟೆ ಅನ್ನಿಸಿಕೊಂಡವರು ಮೊದಲಿಗಿಂತ ಚೆನ್ನಾಗಿ ಮಾಡಿದರು. ಇನ್ನೊಂದು ವಿಷಯ ನನಗೆ ಯಾವಾಗಲೂ ನೆನಪಾಗುತ್ತೆ: ಪರಿಚಯವೇ ಇಲ್ಲದ ಬೇರೆ ಮಗುವಿಗೆ ತಮ್ಮ ಅಂಕ ಬರೆದು ತಿಳಿಸಿ ಅಂದಾಗ, ಬುದ್ಧಿವಂತ ಅನ್ನಿಸಿಕೊಂಡ ಮಕ್ಕಳಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಮಕ್ಕಳು ಅಂಕ ಏರಿಸಿ ಸುಳ್ಳು ಬರೆದರು.

ನಾನು ಕ್ಲಾಸಿನಲ್ಲಿ ಮಾಡೋದು ಇಷ್ಟೆ. ಹೊಸ ಲೆಕ್ಕ ಹಾಕಿದಾಗ ಮೊದಲು ಸರಿ ಉತ್ತರ ಕೇಳಲ್ಲ. "ಇದರಲ್ಲಿ ಎಲ್ಲೆಲ್ಲಿ ತಪ್ಪಾಗಬಹುದು, ಯಾರು ಹೇಳುತ್ತೀರಿ?" ಅಂತ ಕೇಳುತ್ತೇನೆ. ಯಾವತ್ತೂ ಕೈ ಎತ್ತದವರು ಅದಕ್ಕೆ ಕೈ ಎತ್ತುತ್ತಾರೆ, ತಪ್ಪು ಎಲ್ಲಿ ಅಡಗಿರುತ್ತೆ ಅಂತ ಅವರಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲ್ಲ. ಇನ್ನೊಂದು, ಗ್ಯಾರಂಟಿ ಇಲ್ಲದ ಉತ್ತರದ ಪಕ್ಕ ಸಣ್ಣದಾಗಿ "ಊಹೆ" ಅಂತ ಬರೆಯಲು ಹೇಳುತ್ತೇನೆ. ತಪ್ಪಾದರೆ ಅದು ಊಹೆ ತಪ್ಪಾದದ್ದು, ಅವನು ತಪ್ಪಾದದ್ದಲ್ಲ. ಒಂಬತ್ತು ವರ್ಷದವರಿಗೆ ಈ ಸಣ್ಣ ರಕ್ಷಣೆ ಬೇಕು. ಸ್ವಲ್ಪ ತಿಂಗಳಲ್ಲಿ ಆ ಪದ ಬರೆಯುವುದನ್ನು ತಾವೇ ಬಿಡುತ್ತಾರೆ.

ನೇರ ಮಾತು

ಮೇಲಿನ ಟೀಚರ್ ಹೇಳಿದ್ದನ್ನು ಓದಿ ನಾಳೆಯಿಂದ ಮನೆಯಲ್ಲಿ "ಎಷ್ಟು ಕಷ್ಟಪಟ್ಟೆ ಕಂದಾ, ವಾಹ್" ಅಂತ ಶುರು ಮಾಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ಮಕ್ಕಳಿಗೆ ಅದು ಸಮಾಧಾನದ ಬಹುಮಾನ ಅಂತ ಥಟ್ಟನೆ ಗೊತ್ತಾಗುತ್ತೆ. ನನ್ನ ಮಗಳಿಗೆ "ಚೆನ್ನಾಗಿ ಪ್ರಯತ್ನ ಮಾಡಿದೆ" ಅಂದರೆ "ಅಂದ್ರೆ ಚೆನ್ನಾಗಿ ಬಂದಿಲ್ಲ ತಾನೆ?" ಅನ್ನುತ್ತಾಳೆ. ಅವಳು ಹೇಳೋದು ಸರಿ.

ಬುದ್ಧಿ ಪ್ರಯತ್ನದಿಂದ ಬೆಳೆಯುತ್ತೆ ಅಂತ ಡ್ವೆಕ್ ಹೇಳಿದ್ದರ ಮೇಲೆ ದೊಡ್ಡ ಉದ್ಯಮವೇ ಎದ್ದಿದೆ, ಪೋಸ್ಟರ್, ವರ್ಕ್‌ಶಾಪ್, ಏನೆಲ್ಲಾ. 2018ರಲ್ಲಿ ವಿಕ್ಟೋರಿಯಾ ಸಿಸ್ಕ್ ಮತ್ತು ಜೊತೆಗಾರರು ಇಂಥ ಅಧ್ಯಯನಗಳನ್ನೆಲ್ಲಾ ಒಟ್ಟುಗೂಡಿಸಿ ನೋಡಿದಾಗ ಓದಿನ ಮೇಲೆ ಆಗುವ ಪರಿಣಾಮ ಸರಾಸರಿಯಲ್ಲಿ ತೀರಾ ಸಣ್ಣದು ಅಂತ ಕಂಡಿತು. ಪೂರ್ತಿ ಸುಳ್ಳು ಅಂತ ಹೇಳುತ್ತಿಲ್ಲ. ಮಾತು ಬದಲಾಯಿಸಿದ ಮಾತ್ರಕ್ಕೆ ಮಗು ಬದಲಾಗಲ್ಲ ಅಂತ ಅಷ್ಟೆ.

ಇನ್ನೊಂದು. ಎಲ್ಲದನ್ನೂ ಭಯ ಅಂತ ಒಂದೇ ಚೀಲಕ್ಕೆ ತುಂಬಬೇಡಿ. ಓಟಕ್ಕೆ ಹೆಸರು ಕೊಡದಿರುವುದು ಬರೀ ಇಷ್ಟ ಇಲ್ಲದಿರುವುದೂ ಆಗಿರಬಹುದು. ಬೇರೆ ಮಕ್ಕಳು ಓಡುವಾಗ ಅವನು ಎಲ್ಲಿ ನೋಡುತ್ತಾನೆ? ಇಷ್ಟವಿಲ್ಲದ ಮಗು ಇನ್ನೇನೋ ಆಟದಲ್ಲಿ ಮುಳುಗಿರುತ್ತೆ. ಭಯ ಇರುವ ಮಗು ಪಕ್ಕದಲ್ಲಿ ನಿಂತು ಪೂರ್ತಿ ನೋಡುತ್ತೆ, ಮನೆಗೆ ಬಂದು ಯಾರು ಗೆದ್ದರು ಅಂತಲೂ ಹೇಳುತ್ತೆ.

ಕಿಟಕಿ ಪಕ್ಕ

ಚಿಕ್ಕ ಮಾತು. ನಡೆಯಲು ಕಲಿಯುವ ಮಗು ಎಷ್ಟು ಸಲ ಬೀಳುತ್ತೆ ಗೊತ್ತಾ? ಕ್ಯಾರನ್ ಅಡಾಲ್ಫ್ ಅನ್ನುವವರ ತಂಡ ಕೂತು ಎಣಿಸಿ 2012ರಲ್ಲಿ ಪ್ರಕಟಿಸಿದೆ. ಒಂದರಿಂದ ಒಂದೂವರೆ ವರ್ಷದ ಆಸುಪಾಸಿನ ಮಕ್ಕಳು ಆಡುತ್ತಾ ಇರುವಾಗ ಗಂಟೆಗೆ ಸರಾಸರಿ 2,368 ಹೆಜ್ಜೆ ಇಡುತ್ತವೆ, 17 ಸಲ ಬೀಳುತ್ತವೆ. ನಿಮ್ಮ ಮಗನೂ ಹಾಗೇ ಬಿದ್ದು ಎದ್ದವನೇ. ಅಂದರೆ ಧೈರ್ಯ ಹೊಸದಾಗಿ ತರಬೇಕಿಲ್ಲ, ಇದ್ದದ್ದೇ.

ನೇರ ಮಾತು

ಕೇಳಲು ಚೆನ್ನಾಗಿದೆ. ಆದರೆ ಒಂದು ವರ್ಷದ ಮಗುವಿಗೆ ಪಕ್ಕದ ಮನೆ ಮಗು ಎಷ್ಟು ಸಲ ಬಿತ್ತು ಅನ್ನುವ ಲೆಕ್ಕ ಇರಲ್ಲ. ಏಳೆಂಟು ವರ್ಷಕ್ಕೆ ಮಕ್ಕಳು ತಮ್ಮನ್ನು ಬೇರೆಯವರ ಜೊತೆ ಹೋಲಿಸಿಕೊಂಡು ಅಳೆಯಲು ಶುರು ಮಾಡುತ್ತಾರೆ, ಅಲ್ಲಿವರೆಗೆ ಸೋಲು ಅಂದರೆ ಬರೀ "ಆಗಲಿಲ್ಲ", ಆಮೇಲೆ ಅದು "ನನ್ನ ಕೈಲಿ ಆಗಲ್ಲ, ಅವನ ಕೈಲಿ ಆಗುತ್ತೆ". ಇವರ ಮಗನಿಗೆ ಒಂಬತ್ತು. ಸರಿಯಾಗಿ ಆ ವಯಸ್ಸು.

ಮೌನಿ

ನಾನು ಮಕ್ಕಳ ಆತಂಕದ ಬಗ್ಗೆ ಕೆಲಸ ಮಾಡುವವಳು. ಮೂರು ವಿಷಯ ನೀವು ಕೇಳಿದ್ದೀರಿ, ಒಂದೊಂದಾಗಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಹುಟ್ಟಿನಿಂದ ಬರುತ್ತಾ? ಸ್ವಲ್ಪ ಮಟ್ಟಿಗೆ ಹೌದು. ಜೆರೋಮ್ ಕೇಗನ್ ಅನ್ನುವ ಮನಶ್ಶಾಸ್ತ್ರಜ್ಞರು ನಾಲ್ಕು ತಿಂಗಳ ಕೂಸುಗಳಿಗೆ ಹೊಸ ಆಟಿಕೆ, ಹೊಸ ಶಬ್ದ, ಹೊಸ ವಾಸನೆ ತೋರಿಸಿ ನೋಡಿದರು. ಸುಮಾರು ಐದರಲ್ಲಿ ಒಂದು ಮಗು ಕೈಕಾಲು ಜೋರಾಗಿ ಬಡಿದು ಅಳುತ್ತಿತ್ತು. ಇಂಥ ಮಕ್ಕಳು ಮುಂದೆ ಹೊಸದನ್ನು ಕಂಡರೆ ಹಿಂಜರಿಯುವ ಸಾಧ್ಯತೆ ಜಾಸ್ತಿ. ಆದರೆ ಅವರಲ್ಲೂ ತೀರಾ ಅಂಜುಬುರುಕರಾಗಿಯೇ ಉಳಿದವರು ಕಡಿಮೆ. ಮೈಯೊಳಗಿನ ಅಲಾರಾಂ ಬೇಗ ಹೊಡೆದುಕೊಳ್ಳುತ್ತೆ ಅಂದ ಮಾತ್ರಕ್ಕೆ ಮಗು ಜೀವನಪೂರ್ತಿ ಹೆದರಬೇಕು ಅಂತಿಲ್ಲ.

ಹೊಟ್ಟೆನೋವು ನಿಜ. ನೀವು ನಂಬಿದ್ದು ಒಳ್ಳೆಯದಾಯಿತು. ಹೆದರಿದಾಗ ಮೈ ಓಡಲು ಇಲ್ಲವೇ ಹೋರಾಡಲು ತಯಾರಾಗುತ್ತೆ, ರಕ್ತ ಹೊಟ್ಟೆಯ ಕಡೆಯಿಂದ ಕೈಕಾಲಿನ ಕಡೆ ತಿರುಗುತ್ತೆ, ಜೀರ್ಣ ನಿಧಾನವಾಗುತ್ತೆ, ಹೊಟ್ಟೆ ಹಿಂಡಿದ ಹಾಗಾಗುತ್ತೆ. ಇದನ್ನು ಅವನಿಗೆ ಹೀಗೇ ಹೇಳಿ, ಒಂಬತ್ತು ವರ್ಷಕ್ಕೆ ಅರ್ಥವಾಗುತ್ತೆ. ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದು ಉದ್ದವಾಗಿರಲಿ ಅಂತ ಕಲಿಸಿ, ಎದೆಬಡಿತ ಸ್ವಲ್ಪ ಇಳಿಯುತ್ತೆ. ಭಯ ಪೂರ್ತಿ ಹೋಗಲ್ಲ, ಹೋಗಬೇಕಾಗಿಯೂ ಇಲ್ಲ. ಹೊಟ್ಟೆನೋವು ಇದ್ದರೂ ಬರೆಯಬಹುದು ಅಂತ ಒಂದು ಸಲ ಗೊತ್ತಾದರೆ ಸಾಕು.

ಇನ್ನು "ಪರವಾಗಿಲ್ಲ" ಅನ್ನುವ ಮಾತು ಯಾಕೆ ಕೆಲಸ ಮಾಡುತ್ತಿಲ್ಲ? ನೂರು ವರ್ಷದ ಹಿಂದೆ, 1924ರಲ್ಲಿ, ಮೇರಿ ಕವರ್ ಜೋನ್ಸ್ ಎಂಬವರು ಮಕ್ಕಳ ಭಯ ಹೋಗಲಾಡಿಸಲು ಏನೇನು ಕೆಲಸ ಮಾಡುತ್ತೆ ಅಂತ ಒಂದೊಂದೇ ಮಾಡಿ ನೋಡಿದರು. ಬಾಯಿಮಾತಿನ ಸಮಾಧಾನ ಕೆಲಸ ಮಾಡಲಿಲ್ಲ. ಬೇರೆ ಮಕ್ಕಳು ಆಡಿಕೊಂಡು ನಗುವುದಂತೂ ಸುತರಾಂ ಇಲ್ಲ. ಕೆಲಸ ಮಾಡಿದ್ದು ಎರಡು: ಹೆದರುವ ವಸ್ತುವನ್ನು ಮಗು ಖುಷಿಯಾಗಿರುವಾಗ ಸ್ವಲ್ಪ ಸ್ವಲ್ಪವೇ ಹತ್ತಿರ ತರುವುದು, ಮತ್ತು ಹೆದರದ ಮಕ್ಕಳನ್ನು ನೋಡಲು ಬಿಡುವುದು. ಪೀಟರ್ ಅಂತ ದಾಖಲಾಗಿರುವ ಪುಟ್ಟ ಹುಡುಗನಿಗೆ ಮೊಲ ಅಂದರೆ ಭಯ. ಅವನು ತಿನ್ನುತ್ತಿರುವಾಗ ಪಂಜರದಲ್ಲಿ ಮೊಲವನ್ನು ದೂರದಲ್ಲಿಟ್ಟು, ದಿನ ಕಳೆದ ಹಾಗೆ ಹತ್ತಿರ ಹತ್ತಿರ ತಂದರು, ಕೊನೆಗೆ ಅವನೇ ಅದನ್ನು ಮುಟ್ಟಿದ. ಯಾರೂ ಮೊಲವನ್ನು ಎತ್ತಿ ಅವನ ಮಡಿಲಿಗೆ ಎಸೆಯಲಿಲ್ಲ. ನಿಮ್ಮ ಮನೆಯವರ ನೀರಿಗೆ ತಳ್ಳುವ ಮಾತಿಗೆ ಇದೇ ಉತ್ತರ, ಈಜು ಕಲಿಸುವವರೂ ಮೊದಲು ಮುಖ ಮುಳುಗಿಸಿ ಗುಳ್ಳೆ ಬಿಡಲು ಕಲಿಸುತ್ತಾರೆ ಹೊರತು ಆಳಕ್ಕೆ ತಳ್ಳಲ್ಲ.

ಹಾಗಂತ ಅತ್ತೆಯವರ "ಬಿಡು" ಕೂಡ ಬೇಡ. ಒಂದು ಸಲ ತಪ್ಪಿಸಿಕೊಂಡರೆ ಎಷ್ಟು ಹಾಯಾಗುತ್ತೆ ಅಂದರೆ ಮುಂದಿನ ಸಲವೂ ತಪ್ಪಿಸಿಕೊಳ್ಳೋಣ ಅನ್ನಿಸುತ್ತೆ. ಭಯ ಬೆಳೆಯುವುದು ಹೀಗೇ. ಅವನ "ಸರೀನಾ?" ಪ್ರಶ್ನೆಯೂ ಇದರಲ್ಲೇ ಸೇರಿದ್ದು. ಪ್ರತಿ ಸಾಲಿಗೂ ನೀವು "ಸರಿ" ಅಂದಾಗ ಅವನಿಗೆ ಅರೆ ನಿಮಿಷ ನೆಮ್ಮದಿ, ಆದರೆ ತಾನೇ ನೋಡಿ ತೀರ್ಮಾನಿಸುವ ಅವಕಾಶ ಒಂದು ಕಡಿಮೆಯಾಯಿತು. ಎಲಿ ಲೆಬೊವಿಟ್ಜ್ ಮತ್ತು ಜೊತೆಗಾರರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆತಂಕ ಇರುವ ಮಕ್ಕಳನ್ನು ಬಿಟ್ಟು ಬರೀ ತಂದೆತಾಯಿಗಳಿಗೆ ತರಬೇತಿ ಕೊಟ್ಟರು. ಮಗುವಿನ ಭಯಕ್ಕೆ ತಕ್ಕಂತೆ ಮನೆಯವರು ಕುಣಿಯುವುದನ್ನು ಕಡಿಮೆ ಮಾಡುವ ತರಬೇತಿ. ಮಗುವಿಗೇ ನೇರವಾಗಿ ಚಿಕಿತ್ಸೆ ಕೊಟ್ಟಷ್ಟೇ ಗುಣ ಕಂಡಿತು.

ಅವನು ಕೇಳಿದಾಗ ಹೀಗೆ ಹೇಳಿ: "ನಿನಗೆ ಈಗ ಕಷ್ಟ ಆಗುತ್ತಿದೆ ಅಂತ ನನಗೆ ಗೊತ್ತು, ನೀನು ತಡೆದುಕೊಳ್ಳುತ್ತೀಯ ಅಂತಾನೂ ಗೊತ್ತು. ಪೂರ್ತಿ ಪುಟ ಆದ ಮೇಲೆ ನೋಡೋಣ." ಎರಡೂ ಭಾಗ ಬೇಕು. ಮೊದಲನೆಯದು ಮಾತ್ರ ಇದ್ದರೆ ಮುದ್ದಾಗುತ್ತೆ, ಎರಡನೆಯದು ಮಾತ್ರ ಇದ್ದರೆ ಹುಕುಂ ಆಗುತ್ತೆ. ಮೊದಮೊದಲು ಅಳು, ಸಿಟ್ಟು ಬರುತ್ತೆ, ಅದಕ್ಕೆ ತಯಾರಾಗಿರಿ. ಪುಟ ಜಾಸ್ತಿ ಅನ್ನಿಸಿದರೆ ಮೂರು ಸಾಲಿನಿಂದ ಶುರು ಮಾಡಿ.

ಹೊಟ್ಟೆನೋವಿನಿಂದ ಸ್ಕೂಲು ತಪ್ಪುತ್ತಿದ್ದರೆ, ನಿದ್ದೆ ಕೆಡುತ್ತಿದ್ದರೆ, ಊಟ ಬಿಡುತ್ತಿದ್ದರೆ, "ನಾನು ಯಾವುದಕ್ಕೂ ಪ್ರಯೋಜನ ಇಲ್ಲ" ಅನ್ನುವ ಮಾತು ಪದೇ ಪದೇ ಬರುತ್ತಿದ್ದರೆ ಕಾಯಬೇಡಿ. ಮಕ್ಕಳ ಡಾಕ್ಟರನ್ನೋ ಮನಶ್ಶಾಸ್ತ್ರಜ್ಞರನ್ನೋ ನೋಡಿ.

ಪುಟ್ಟನ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸ್ಕೂಲು ತಪ್ಪಿಸುತ್ತಿಲ್ಲ, ನಿದ್ದೆ ಊಟ ಚೆನ್ನಾಗಿದೆ. ಓಟದ ಬಗ್ಗೆ ಹೇಳಿದ್ದು ನಿಜ, ಅವನು ನಿಂತು ಪೂರ್ತಿ ನೋಡುತ್ತಾನೆ, ಯಾರು ಎಷ್ಟನೇ ಸ್ಥಾನ ಅಂತ ಬಾಯಿಪಾಠ.

ರಾತ್ರಿ ಮಲಗುವಾಗ ಮೆಲ್ಲಗೆ ಕೇಳಿದೆ, ತಪ್ಪಾದರೆ ಏನಾಗುತ್ತೆ ಅಂತ ನಿನಗೆ ಅನ್ನಿಸೋದು ಅಂತ. ಟೀಚರ್ ಬೈತಾರೆ, ಫ್ರೆಂಡ್ಸ್ ನಗ್ತಾರೆ ಅಂತಾನೆ ಅಂದುಕೊಂಡಿದ್ದೆ. ಅವನು ಹೇಳಿದ್ದು, "ಅಪ್ಪ ಪೇಪರ್ ನೋಡಿ ಸುಮ್ನಾಗ್ಬಿಡ್ತಾರೆ." ಬೈಯಲ್ಲ ತಾನೆ ಅಂದೆ. "ಬೈದ್ರೆ ಮುಗಿದುಹೋಗುತ್ತೆ, ಸುಮ್ನಿದ್ರೆ ಎಷ್ಟೊತ್ತು ಅಂತ ಗೊತ್ತಾಗಲ್ಲ" ಅಂದ. ಇವರಿಗೆ ಹೇಳಿದರೆ "ನಾನೇನೂ ಅಂದೇ ಇಲ್ಲವಲ್ಲಾ" ಅಂತ ಅವರಿಗೇ ಆಶ್ಚರ್ಯ. ಅವರು ಸ್ವಭಾವದಲ್ಲೇ ಮಾತು ಕಡಿಮೆ. ಈಗ ಏನು ಮಾಡೋದು?

ಮೌನಿ

ಇದನ್ನು ಅವನು ಬಾಯಿಬಿಟ್ಟು ಹೇಳಿದ್ದೇ ದೊಡ್ಡ ಧೈರ್ಯ, ಅಲ್ವಾ. ಇಲ್ಲಿ ಡ್ವೆಕ್ ಅವರ ಇನ್ನೊಂದು ಅಧ್ಯಯನ ಉಪಯೋಗಕ್ಕೆ ಬರುತ್ತೆ, ಕೈಲಾ ಹೈಮೊವಿಟ್ಜ್ ಜೊತೆ 2016ರಲ್ಲಿ ಮಾಡಿದ್ದು. ಬುದ್ಧಿ ಬೆಳೆಯುತ್ತೆ ಅಂತ ತಂದೆತಾಯಿ ನಂಬುತ್ತಾರೋ ಇಲ್ಲವೋ ಅನ್ನುವುದಕ್ಕೂ ಮಕ್ಕಳು ನಂಬುವುದಕ್ಕೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ. ಆದರೆ ಸೋಲನ್ನು ತಂದೆತಾಯಿ ಹೇಗೆ ನೋಡುತ್ತಾರೆ ಅನ್ನುವುದಕ್ಕೆ ಸಂಬಂಧ ಇತ್ತು. ನಂಬಿಕೆ ತಲೆಯೊಳಗೆ ಇರುತ್ತೆ, ಮಗುವಿಗೆ ಕಾಣಲ್ಲ. ಪೇಪರ್ ಕೈಗೆ ಬಂದಾಗಿನ ಮುಖ ಕಾಣುತ್ತೆ.

ನಿಮ್ಮ ಮನೆಯವರು ಸ್ವಭಾವ ಬದಲಾಯಿಸಿಕೊಳ್ಳಬೇಕಿಲ್ಲ. ಪೇಪರ್ ನೋಡಿದ ಕೂಡಲೇ ಒಂದೇ ಒಂದು ಪ್ರಶ್ನೆ ಕೇಳಲಿ: "ಇದರಲ್ಲಿ ನಿನಗೆ ಯಾವುದು ಅತಿ ಕಷ್ಟ ಅನ್ನಿಸಿತು?" ಅವನು ತೋರಿಸಿದ್ದನ್ನು ಇಬ್ಬರೂ ಕೂತು ನೋಡಲಿ. ಮಾತು ಕಡಿಮೆಯವರಿಗೂ ಇದು ಆಗುತ್ತೆ. ಮೌನದಲ್ಲಿ ಏನಿದೆ ಅಂತ ಮಗು ಊಹಿಸಲು ಹೋದರೆ ಯಾವಾಗಲೂ ಕೆಟ್ಟದ್ದನ್ನೇ ಊಹಿಸುತ್ತೆ. ಜೊತೆಗೆ ಅವರು ತಮ್ಮ ಕೆಲಸದಲ್ಲಿ ಕೆಟ್ಟುಹೋದದ್ದನ್ನು ಯಾವಾಗಲಾದರೂ ಅವನೆದುರು ಹೇಳಿ, ಮುಂದೆ ಏನು ಮಾಡಿದರು ಅಂತಲೂ ಹೇಳಿದರೆ, ಸಾವಿರ ಸಲ ಪರವಾಗಿಲ್ಲ ಅಂದದ್ದಕ್ಕಿಂತ ಮೇಲು. ನಾಟಕ ಆಡಿ ಬೇಕಂತಲೇ ಸೋಲುವುದು ಮಾತ್ರ ಬೇಡ, ಚೆಸ್‌ನಲ್ಲಂತೂ ಮಕ್ಕಳು ಅದನ್ನು ಕೂಡಲೇ ಹಿಡಿಯುತ್ತಾರೆ.

ನೀಲಿ ಬೆಲ್ಟ್

ನಾನು ತಂದೆಯೂ ಅಲ್ಲ, ಟೀಚರೂ ಅಲ್ಲ, ಕಾಲೇಜು ಓದುತ್ತಿರುವವನು. ಆದರೆ ಈ ಹುಡುಗ ನಾನೇ. ನಾನೂ ರಬ್ಬರ್‌ನಲ್ಲಿ ಹಾಳೆ ತೂತು ಮಾಡಿದವನೇ, "ಬೋರಾಯ್ತು" ನನ್ನ ಬಾಯಲ್ಲೂ ಇತ್ತು. ಹಾಗಾಗಿ ಒಳಗಿನಿಂದ ಹೇಗಿರುತ್ತೆ ಅಂತ ಹೇಳಬಲ್ಲೆ: ತಪ್ಪು ಮಾಡಿದರೆ ಏನಾಗುತ್ತೆ ಅಂತ ನಮಗೆ ಗೊತ್ತೇ ಇರಲ್ಲ. ಯಾವತ್ತೂ ಅಲ್ಲಿವರೆಗೆ ಹೋಗಿಯೇ ಇರಲ್ಲವಲ್ಲ. ಬಾಗಿಲ ಹಿಂದೆ ಏನಿದೆ ಅಂತ ನೋಡದೆ ವರ್ಷಗಟ್ಟಲೆ ಹೆದರುವುದು.

ನನಗೆ ಅದು ಬಿಟ್ಟುಹೋಗಿದ್ದು ಜೂಡೋ ಕ್ಲಾಸಿನಲ್ಲಿ. ಕಾನೊ ಜಿಗೊರೊ ಜಪಾನಿನಲ್ಲಿ 1882ರಲ್ಲಿ ಶುರು ಮಾಡಿದ ವಿದ್ಯೆ ಅದು. ಹೊಸಬರಿಗೆ ಮೊದಲು ಎದುರಾಳಿಯನ್ನು ಎತ್ತಿ ಹಾಕುವುದನ್ನು ಕಲಿಸಲ್ಲ, ಬೀಳುವುದನ್ನು ಕಲಿಸುತ್ತಾರೆ. ಅದಕ್ಕೆ ಉಕೆಮಿ ಅನ್ನುತ್ತಾರೆ. ಹಿಂದಕ್ಕೆ ಬೀಳುವುದು, ಪಕ್ಕಕ್ಕೆ ಬೀಳುವುದು, ಮುಂದಕ್ಕೆ ಉರುಳುವುದು. ಗದ್ದವನ್ನು ಎದೆಗೆ ಒತ್ತಿಕೊಂಡು, ಕೈಯಿಂದ ಮ್ಯಾಟ್‌ಗೆ ಪಟಾರ್ ಅಂತ ಬಡಿದು, ಉಸಿರು ಬಿಟ್ಟು ಬೀಳಬೇಕು. ಮೊದಮೊದಲು ಕ್ಲಾಸು ಪೂರ್ತಿ ಅದೇ. ನಾನು ಕೋಚ್‌ಗೆ "ಗೆಲ್ಲೋದು ಯಾವಾಗ ಹೇಳಿಕೊಡ್ತೀರಿ ಸರ್?" ಅಂತ ಕೇಳಿದ್ದೆ. "ಬೀಳೋಕೆ ಹೆದರೋನು ಮೈ ಬಿಗಿ ಹಿಡಿತಾನೆ, ಮೈ ಬಿಗಿ ಹಿಡಿದೋನಿಗೇ ಏಟು ಜಾಸ್ತಿ" ಅಂದರು, ಅಷ್ಟೆ, ಮತ್ತೆ ಬೀಳಿಸಿದರು.

ವಿಚಿತ್ರ ಅಂದರೆ ಅದು ನಿಧಾನವಾಗಿ ಬೇರೆ ಕಡೆಗೂ ಹಬ್ಬಿತು. ಕ್ಲಾಸಿನಲ್ಲಿ ಒಂದು ದಿನ ಗೊತ್ತಿಲ್ಲದ ಉತ್ತರ ಹೇಳಿ ತಪ್ಪಾದಾಗ, ಎಲ್ಲರೂ ನಕ್ಕಾಗ, ಕಿವಿ ಬಿಸಿಯಾಯಿತು, ಆಮೇಲೆ ಎರಡು ನಿಮಿಷಕ್ಕೆ ಅವರೆಲ್ಲಾ ಬೇರೆ ಯಾವುದಕ್ಕೋ ನಗುತ್ತಿದ್ದರು. ಓ, ಇಷ್ಟೇನಾ ಅನ್ನಿಸಿತು. ಅಮ್ಮನವರೇ, ಧೈರ್ಯ ಒಳಗಿಂದ ಬರಬೇಕು ಅಂತ ಬರೆದಿದ್ದೀರಲ್ಲಾ, ನನಗೆ ಅದು ಮೊದಲು ಬಂದು ಆಮೇಲೆ ನಾನು ಕೈ ಎತ್ತಿದ್ದಲ್ಲ. ಕೈ ಎತ್ತಿದೆ, ಬಿದ್ದೆ, ಆಮೇಲೆ ಬಂತು.

ಜೂಡೋಗೇ ಸೇರಿಸಿ ಅಂತ ಅಲ್ಲ. ಸೋಲು ದಿನಾ ಆಗುವ, ಆದರೆ ಮಾರ್ಕ್ಸ್ ಇಲ್ಲದ ಯಾವುದಾದರೂ ಒಂದಕ್ಕೆ ಸೇರಿಸಿ. ಸ್ಕೇಟಿಂಗ್, ಮಣ್ಣಿನ ಮಡಕೆ ಮಾಡುವುದು, ಕೊಳಲು, ಏನಾದರೂ. ಅವನಿಗೆ ಇಷ್ಟ ಇರುವುದಾದರೆ ಸಾಕು.

ಕಪ್ಪು ಹಲಗೆ

ಈ ಹುಡುಗ ಹೇಳಿದ್ದನ್ನು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲೇ ಬರೆದಿಟ್ಟಿದ್ದಾರೆ. "ನನ್ನ ಕೈಲಾಗುತ್ತೆ" ಅನ್ನುವ ನಂಬಿಕೆ ನಾಲ್ಕು ಕಡೆಯಿಂದ ಬರುತ್ತೆ: ತಾನೇ ಮಾಡಿ ನೋಡಿದ್ದು, ತನ್ನಂಥ ಬೇರೆಯವರು ಮಾಡಿದ್ದನ್ನು ಕಂಡದ್ದು, ಬೇರೆಯವರ ಮಾತು, ಮೈಯಲ್ಲಿ ಆಗುವ ಅನುಭವ. ಇದರಲ್ಲಿ ತಾನೇ ಮಾಡಿ ನೋಡಿದ್ದಕ್ಕೆ ಅತಿ ಹೆಚ್ಚು ಬಲ. ನಾವು ದೊಡ್ಡವರು ಮಾತಿನ ಮೇಲೇ ಎಲ್ಲಾ ಭಾರ ಹಾಕುತ್ತೇವೆ, ಯಾಕೆಂದರೆ ಅದಕ್ಕೆ ಖರ್ಚಿಲ್ಲ.

ಪುಟ್ಟನ ಅಮ್ಮ

ಒಂದು ವಾರದ ಸುದ್ದಿ ಹೇಳುತ್ತೇನೆ. ದೊಡ್ಡ ಪವಾಡ ಏನೂ ಆಗಿಲ್ಲ. "ಸರೀನಾ" ಕೇಳಿದಾಗ ಮೌನಿ ಅವರು ಹೇಳಿದ ಹಾಗೆ ಹೇಳಿದೆ, ಪೆನ್ಸಿಲ್ ಎಸೆದ. ಆಮೇಲೆ ಮೂರು ಸಾಲಿಗೆ ಒಪ್ಪಂದವಾಯಿತು, ಈಗ ಅರ್ಧ ಪುಟದವರೆಗೆ ಬಂದಿದೆ, ಕೆಲವು ದಿನ ಮತ್ತೆ ಒಂದೊಂದೇ ಸಾಲಿಗೆ ವಾಪಸ್. ಕ್ಲಾಸ್ ಟೆಸ್ಟ್‌ನಲ್ಲಿ ಒಂದು ಕಡೆ ಚಿಕ್ಕದಾಗಿ "ಊಹೆ" ಅಂತ ಬರೆದು ಉತ್ತರ ಬರೆದಿದ್ದ. ತಪ್ಪಾಗಿತ್ತು. ಮನೆಗೆ ಬಂದು ಅತ್ತ. ಇವರು ಪಕ್ಕದಲ್ಲಿ ಕೂತು "ಇದಕ್ಕೆ ಹೀಗೆ ಊಹೆ ಮಾಡಿದ್ದು ಯಾಕೆ?" ಅಂತ ಕೇಳಿದರು, ಅವನು ಅಳುತ್ತಲೇ ವಿವರಿಸಿದ, ವಿವರಣೆ ಅರ್ಧ ಸರಿಯಾಗಿಯೇ ಇತ್ತು. ಉಳಿದ ಪ್ರಶ್ನೆಗಳಲ್ಲಿ ಇನ್ನೂ ಖಾಲಿ ಜಾಗ ಇವೆ.

ಮುಂದಿನ ತಿಂಗಳು ಪರೀಕ್ಷೆ. ಆ ತಪ್ಪಾದ ಒಂದರಿಂದ ಮತ್ತೆ ಒಳಗೆ ಸೇರಿಕೊಂಡುಬಿಡುತ್ತಾನೇನೋ ಅನ್ನುವ ಭಯ ಈಗ ನನಗೆ.

ಕಪ್ಪು ಹಲಗೆ

ಮೊದಲ ಊಹೆ ತಪ್ಪಾಗಿದ್ದು ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ. ಸರಿಯಾಗಿದ್ದರೆ "ಸರಿ ಬಂದರೆ ಮಾತ್ರ ಊಹೆ ಮಾಡಬಹುದು" ಅಂತ ಕಲಿಯುತ್ತಿದ್ದ.

ಪರೀಕ್ಷೆಗೆ ಮೊದಲು ಕ್ಲಾಸ್ ಟೀಚರ್‌ಗೆ ಒಂದು ಮಾತು ತಿಳಿಸಿ, "ಊಹೆ" ಅಂತ ಬರೆದದ್ದನ್ನು ಹೊಡೆದುಹಾಕಬೇಡಿ ಅಂತ. ಒಪ್ಪುವವರೇ ಜಾಸ್ತಿ. ಇನ್ನೊಂದು ಲೆಕ್ಕ ಅವನ ಜೊತೆ ಕೂತು ಮಾಡಿ: ಖಾಲಿ ಬಿಟ್ಟರೆ ಸೊನ್ನೆ, ತಪ್ಪು ಬರೆದರೂ ಸೊನ್ನೆ. ನಾಲ್ಕರಲ್ಲಿ ಒಂದನ್ನು ಆರಿಸುವ ಪ್ರಶ್ನೆಯಲ್ಲಿ ಕಣ್ಣು ಮುಚ್ಚಿ ಗುರುತು ಹಾಕಿದರೂ ನಾಲ್ಕಕ್ಕೆ ಒಂದು ಸಲ ಸರಿಯಾಗಬಹುದು. ಒಂದು ಕಾಗದದ ಮೇಲೆ ಇಪ್ಪತ್ತು ಸುಳ್ಳುಸುಳ್ಳೇ ಪ್ರಶ್ನೆ ಹಾಕಿ, ಮೊದಲೇ ಉತ್ತರ ಬರೆದು ಮುಚ್ಚಿಟ್ಟು, ಅವನ ಕೈಲಿ ಕುರುಡಾಗಿ ಗುರುತು ಹಾಕಿಸಿ, ಎಷ್ಟು ಸರಿ ಬಂತು ಅಂತ ಎಣಿಸಿ. ಮಕ್ಕಳಿಗೆ ಇದು ಆಟ. ತಪ್ಪಿಗೆ ಅಂಕ ಕಳೆಯುವ ಪರೀಕ್ಷೆ ಬೇರೆ ಲೆಕ್ಕ, ಅದು ನಾಲ್ಕನೇ ಕ್ಲಾಸಿಗೆ ಸಾಮಾನ್ಯವಾಗಿ ಇರಲ್ಲ.

ಪೇಪರ್ ಮನೆಗೆ ಬಂದ ದಿನ ಮಾರ್ಕ್ಸ್ ನೋಡುವ ಮೊದಲು ಖಾಲಿ ಎಷ್ಟಿದೆ ಅಂತ ಇಬ್ಬರೂ ಸೇರಿ ಎಣಿಸಿ. ಹಿಂದಿನ ಪೇಪರ್‌ಗಿಂತ ಒಂದು ಕಡಿಮೆ ಇದ್ದರೂ ಅದನ್ನು ಬಾಯಿಬಿಟ್ಟು ಹೇಳಿ, ಜಾಸ್ತಿ ಹೊಗಳಬೇಡಿ. ಜಾಸ್ತಿ ಇದ್ದರೆ ಯಾವ ಪ್ರಶ್ನೆಯಲ್ಲಿ ನಿಂತ ಅಂತ ಕೇಳಿ, ಅಲ್ಲಿಂದ ಮುಂದುವರಿಸಿ. ಮತ್ತೆ ಚೆಸ್, ಮನೆಯವರಿಗೆ ಹೇಳಿ, ಆಟ ಮುಗಿದ ಮೇಲೆ ಬೋರ್ಡ್ ತಿರುಗಿಸಿ, ಅವನು ಎದ್ದು ಹೋಗಲು ನೋಡಿದ ಜಾಗದಿಂದ ಅವನ ಕಾಯಿಗಳನ್ನು ತಾವು ಆಡಲಿ.